ಹೆಸರು ಕಳಚಿಕೊಂಡ ಬರಹ: ಹೊರನಾಡಿನ ಕನ್ನಡ ಲೇಖಕರು ತಿಳಿದಿರಬೇಕಾದ ಸಂಗತಿಗಳು

ಗುಜರಾತಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಸಂಭಾವನೆಯನ್ನು ನಿರೀಕ್ಷಿಸಿ ಬರೆಯುವವರು ವಿರಳ. ರಾಜ್ಯೋತ್ಸವದ ಸ್ಮರಣ ಸಂಚಿಕೆಗೊಂದು ಲೇಖನ, ಯುಗಾದಿಗೊಂದು ಕವನ, ಊರಿಗೆ ಹೋಗಿ ಬಂದ ಮೇಲೆ ಅಂತರ್ಜಾಲದಲ್ಲಿ ಪ್ರಕಟಿಸಿದ ಪ್ರವಾಸದ ಟಿಪ್ಪಣಿ, ಇವುಗಳಿಗೆ ದೊರೆಯುವ ಏಕೈಕ ಪ್ರತಿಫಲವೆಂದರೆ ಬರಹದ ಕೆಳಗೆ ಕಾಣುವ ಹೆಸರು. ಆ ಹೆಸರೇ ಕಳಚಿಹೋಗಿ, ಅದೇ ಬರಹ ಬೇರೊಂದು ತಾಣದಲ್ಲಿ, ಬೇರೊಂದು ಊರಿನ ಸಂಚಿಕೆಯಲ್ಲಿ, ಕೆಲವೊಮ್ಮೆ ಅಪರಿಚಿತರ ಭಾವಚಿತ್ರದೊಂದಿಗೆ ಕಾಣಿಸಿಕೊಂಡರೆ ಲೇಖಕರ ಪಾಲಿಗೆ ಉಳಿಯುವುದೇನೂ ಇಲ್ಲ. ಇಂತಹ ಸಂದರ್ಭದಲ್ಲಿ ಕಾನೂನು ಏನು ಹೇಳುತ್ತದೆ, ಯಾವ ಕ್ರಮದಲ್ಲಿ ಮುಂದುವರಿಯಬೇಕು, ಎಲ್ಲಿ ಸುಮ್ಮನಿರುವುದೇ ಲೇಸು ಎಂಬ ವಿಚಾರಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ವಿವರಣೆಗೆ ಅನುಕೂಲವಾಗಲೆಂದು ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಚಳಿಗಾಲದಲ್ಲಿ ಸೂರತ್ತಿನವರು ಸೇವ್ ಬೆರೆಸಿ ಸವಿಯುವ ಪೊಂಕ್ ಎಂಬ ಎಳೆಯ ಜೋಳದ ತಿನಿಸು, ಉತ್ತರ ಕರ್ನಾಟಕದ ಹೊಲಗಳಲ್ಲಿ ಬೆಂಕಿಯಲ್ಲಿ ಸುಟ್ಟು ಉಜ್ಜಿ ತಿನ್ನುವ ಸೀತನಿಯ ಒಡಹುಟ್ಟು. ಕತಾರ್‌ಗಾಮಿನ ಗೃಹಿಣಿಯೊಬ್ಬರು ಈ ಎರಡನ್ನೂ ಹೋಲಿಸಿ, ತಮ್ಮ ತವರಿನ ಹೊಲದ ನೆನಪುಗಳೊಡನೆ ಲೇಖನ ಬರೆದು ಅಂತರ್ಜಾಲದಲ್ಲಿ ಪ್ರಕಟಿಸಿದರೆಂದು ಭಾವಿಸೋಣ. ಮರುವರ್ಷ ಅದೇ ಲೇಖನ, ಅದೇ ವಾಕ್ಯಗಳೊಡನೆ, ಮತ್ತೊಂದು ನಗರದ ಸಂಚಿಕೆಯಲ್ಲಿ ಬೇರೆಯವರ ಹೆಸರಿನಲ್ಲಿ ಬಂದಿದೆ. ಈಗ ಆಕೆ ಏನು ಮಾಡಬೇಕು?

ಸೀರೆಯ ವಿನ್ಯಾಸಕ್ಕೊಂದು ನ್ಯಾಯ, ಬರಹಕ್ಕೊಂದು ನ್ಯಾಯ

ಜವಳಿ ಮತ್ತು ವಜ್ರದ ಉದ್ಯಮಗಳ ನಡುವೆ ಬಾಳುತ್ತಿರುವ ಸೂರತ್ತಿನ ಕನ್ನಡಿಗರಿಗೆ ನಕಲಿನ ವಿಷಯ ಹೊಸದಲ್ಲ. ಹೊಸ ಸೀರೆಯ ವಿನ್ಯಾಸವೊಂದು ಮಾರುಕಟ್ಟೆಯಲ್ಲಿ ಓಡತೊಡಗಿದರೆ, ಅದರ ನಕಲು ಪಕ್ಕದ ಅಂಗಡಿಯಲ್ಲಿ ಕಾಣಿಸಿಕೊಳ್ಳಲು ಬಹಳ ದಿನ ಬೇಕಿಲ್ಲ. ‘ನೋಂದಣಿ ಮಾಡಿಸಿದ್ದೀರಾ?’ ಎಂಬುದು ಅಲ್ಲಿ ಮೊದಲು ಕೇಳಿಬರುವ ಪ್ರಶ್ನೆ. ಜವಳಿಯ ಮಟ್ಟಿಗೆ ಅದು ಸರಿಯಾದ ಪ್ರಶ್ನೆಯೇ. ಬಟ್ಟೆಯ ವಿನ್ಯಾಸಕ್ಕೆ 2000ನೆಯ ಇಸವಿಯ ವಿನ್ಯಾಸ ಕಾಯಿದೆಯಡಿ ನೋಂದಣಿ ಬೇಕು. ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ 50ಕ್ಕಿಂತ ಹೆಚ್ಚು ಬಾರಿ ಯಂತ್ರದಿಂದ ಉತ್ಪಾದಿಸಿದರೆ ಅದರ ಮೇಲಿನ ಕೃತಿಸ್ವಾಮ್ಯವೂ ಕೊನೆಗೊಳ್ಳುತ್ತದೆ ಎಂದು ಕೃತಿಸ್ವಾಮ್ಯ ಕಾಯಿದೆಯ 15ನೆಯ ಕಲಂ ಹೇಳುತ್ತದೆ.

ಮಾರುಕಟ್ಟೆಯ ಈ ಅನುಭವವನ್ನೇ ಬರಹಕ್ಕೂ ಅನ್ವಯಿಸಿ, ‘ನಾವೇನು ನೋಂದಾಯಿಸಿದ್ದೇವೆಯೇ? ಕೇಳುವ ಹಕ್ಕು ಎಲ್ಲಿಂದ ಬರುತ್ತದೆ?’ ಎಂದು ಹಿಂಜರಿಯುವವರು ನಮ್ಮಲ್ಲಿ ಅನೇಕರು. ಈ ಹಿಂಜರಿಕೆಗೆ ಆಧಾರವಿಲ್ಲ. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯ ಕೃತಿಯ ಹಕ್ಕು ಅದು ರಚನೆಯಾದ ಕ್ಷಣದಿಂದಲೇ ಲೇಖಕರಿಗೆ ಸೇರುತ್ತದೆ. ನೋಂದಣಿ ಐಚ್ಛಿಕ. ದೆಹಲಿಯ ಕೃತಿಸ್ವಾಮ್ಯ ಕಚೇರಿಯಲ್ಲಿ ಸಾಹಿತ್ಯ ಕೃತಿಯೊಂದಕ್ಕೆ 500 ರೂಪಾಯಿ ಶುಲ್ಕ ತೆತ್ತು ನೋಂದಾಯಿಸಬಹುದು. ನ್ಯಾಯಾಲಯದಲ್ಲಿ ಅದು ಮೇಲ್ನೋಟದ ಸಾಕ್ಷ್ಯವಾಗಿ ನಿಲ್ಲುತ್ತದೆ. ಕಾದಂಬರಿ, ಕಥಾಸಂಕಲನಗಳಿಗೆ ಇದನ್ನು ಮಾಡಿಸಿಕೊಳ್ಳುವುದು ಒಳ್ಳೆಯದು. ಬಿಡಿ ಲೇಖನಗಳಿಗೆ ಅಷ್ಟು ಶ್ರಮದ ಅಗತ್ಯ ಇಲ್ಲವೆಂಬುದು ಈ ಲೇಖಕನ ಅಭಿಪ್ರಾಯ. ‘ಸಾಹಿತ್ಯ ಕೃತಿ’ ಎಂಬ ಪದವನ್ನು ಕಂಡು ಅಂಜಬೇಕಾಗಿಯೂ ಇಲ್ಲ. ಅದು ಗುಣಮಟ್ಟದ ಮಾತಲ್ಲ. ಸ್ವಂತ ಶ್ರಮದಿಂದ ಬರೆದ ಅಡುಗೆಯ ಟಿಪ್ಪಣಿಯೂ ಕಾನೂನಿನ ದೃಷ್ಟಿಯಲ್ಲಿ ಸಾಹಿತ್ಯ ಕೃತಿಯೇ.

ಎರಡು ಹಕ್ಕುಗಳು

ಈ ವಿಷಯದಲ್ಲಿ ಗೊಂದಲಕ್ಕೆ ಮುಖ್ಯ ಕಾರಣ, ಪರಸ್ಪರ ಬೇರೆಯಾದ ಎರಡು ಹಕ್ಕುಗಳನ್ನು ಒಂದೇ ಎಂದು ತಿಳಿಯುವುದು. ಬರಹವನ್ನು ಪ್ರತಿ ಮಾಡುವ, ಪ್ರಕಟಿಸುವ, ಅನುವಾದಿಸುವ ಹಕ್ಕು ಒಂದು. ಕಾಯಿದೆಯ 14ನೆಯ ಕಲಮಿನಲ್ಲಿರುವ ಈ ಹಕ್ಕನ್ನು ಮಾರಬಹುದು, ದಾನ ಮಾಡಬಹುದು, ಉಯಿಲಿನ ಮೂಲಕ ಬಿಟ್ಟುಹೋಗಬಹುದು. ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಹಕ್ಕು ಇನ್ನೊಂದು. 57ನೆಯ ಕಲಂ ಇದನ್ನು ಲೇಖಕರ ವಿಶೇಷ ಹಕ್ಕು ಎಂದು ಕರೆಯುತ್ತದೆ. ಮೊದಲನೆಯ ಹಕ್ಕನ್ನು ಪೂರ್ತಿಯಾಗಿ ಬೇರೆಯವರಿಗೆ ಬರೆದುಕೊಟ್ಟ ಮೇಲೂ ಎರಡನೆಯದು ಲೇಖಕರಲ್ಲಿಯೇ ಉಳಿಯುತ್ತದೆ. ಹೆಸರನ್ನು ಕೇಳುವುದರ ಜೊತೆಗೆ, ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚಿದರೆ ತಡೆಯುವ ಅಧಿಕಾರವನ್ನೂ ಇದೇ ಕಲಂ ಕೊಡುತ್ತದೆ. ಹಿಂದಿಯ ಲೇಖಕಿ ಮನ್ನು ಭಂಡಾರಿಯವರು ತಮ್ಮ ‘ಆಪ್ ಕಾ ಬಂಟಿ’ ಕಾದಂಬರಿಯ ಚಲನಚಿತ್ರದ ಹಕ್ಕನ್ನು ಮಾರಿದ್ದರು. ಆದರೂ ಚಿತ್ರದಲ್ಲಿ ಕಥೆಯನ್ನು ತಿರುಚಲಾಗಿದೆಯೆಂದು ಅವರು ನ್ಯಾಯಾಲಯಕ್ಕೆ ಹೋದಾಗ, ದೆಹಲಿ ಉಚ್ಚ ನ್ಯಾಯಾಲಯ 1986ರಲ್ಲಿ ಈ ಕಲಮಿನ ಮಹತ್ವವನ್ನು ವಿವರವಾಗಿ ಎತ್ತಿ ಹೇಳಿತು.

ಈ ವ್ಯತ್ಯಾಸವನ್ನು ಅರಿಯಲು ಗುಜರಾತಿನಲ್ಲಿಯೇ ಉತ್ತಮ ನಿದರ್ಶನವಿದೆ. ಗಾಂಧೀಜಿಯವರು ‘ಹಿಂದ್ ಸ್ವರಾಜ್’ ಕೃತಿಯ 1910ರ ಇಂಗ್ಲಿಷ್ ಆವೃತ್ತಿಯ ಮೇಲೆ ಯಾವ ಹಕ್ಕನ್ನೂ ಕಾಯ್ದಿರಿಸಿಲ್ಲವೆಂದು ಅಚ್ಚುಹಾಕಿಸಿದ್ದರು. ಯಾರು ಬೇಕಾದರೂ ಮುದ್ರಿಸಬಹುದಿತ್ತು. ಹಾಗೆಂದು ಯಾರೂ ಅದನ್ನು ತಮ್ಮ ಕೃತಿಯೆಂದು ಹೇಳಿಕೊಳ್ಳುವಂತಿರಲಿಲ್ಲ. ಮುಂದೆ 1940ರಲ್ಲಿ ಅವರು ತಮ್ಮ ಬರಹಗಳ ಹಕ್ಕನ್ನು ಅಹಮದಾಬಾದಿನ ನವಜೀವನ ಟ್ರಸ್ಟಿಗೆ ಬಿಟ್ಟುಕೊಟ್ಟರು. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಲೇಖಕರ ಮರಣದ ನಂತರ 60 ವರ್ಷಗಳವರೆಗೆ, ಮರುವರ್ಷದ ಜನವರಿಯಿಂದ ಲೆಕ್ಕಹಿಡಿದು, ಇರುತ್ತದೆ. ಅದರಂತೆ ಗಾಂಧೀಜಿಯವರ ಬರಹಗಳ ಮೇಲಿನ ಹಕ್ಕು 2008ರ ಡಿಸೆಂಬರ್ 31ಕ್ಕೆ ಮುಗಿಯಿತು. ಆದರೆ ಅವರ ಆತ್ಮಕಥೆಯನ್ನು ಕನ್ನಡಕ್ಕೆ ತಂದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರು ತೀರಿಕೊಂಡದ್ದು 1991ರಲ್ಲಿ. ಅನುವಾದಕ್ಕೆ ಪ್ರತ್ಯೇಕ ಕೃತಿಸ್ವಾಮ್ಯವಿರುವುದರಿಂದ ಆ ಕನ್ನಡ ವಾಕ್ಯಗಳ ಮೇಲಿನ ಹಕ್ಕು 2051ರ ಕೊನೆಯವರೆಗೂ ಜೀವಂತ. ಮೂಲ ಎಲ್ಲರದಾದರೂ ಅನುವಾದ ಎಲ್ಲರದಾಗಿಲ್ಲ ಎಂಬುದನ್ನು, ಪರಿಚಿತ ಕೃತಿಗಳ ಕನ್ನಡ ರೂಪವನ್ನು ಸಂಚಿಕೆಗಳಲ್ಲಿ ಸರಾಗವಾಗಿ ಎತ್ತಿಹಾಕುವ ಸಂಪಾದಕ ಬಂಧುಗಳು ಗಮನಿಸಬೇಕು.

ಅನುವಾದದ ಮಾತು ನಮಗೆ ಇನ್ನೊಂದು ರೀತಿಯಲ್ಲಿಯೂ ಸಂಬಂಧಿಸಿದ್ದು. ಪೊಂಕ್–ಸೀತನಿಯ ಲೇಖನವನ್ನು ಯಾರೋ ಗುಜರಾತಿಗೆ ತಿರುಗಿಸಿ ತಮ್ಮ ಹೆಸರಿನಲ್ಲಿ ಪ್ರಕಟಿಸಿದರೂ ಅದು ಉಲ್ಲಂಘನೆಯೇ. ‘ಅವರ ಒಂದು ಪದವನ್ನೂ ನಾನು ಬಳಸಿಲ್ಲವಲ್ಲ’ ಎಂಬ ಸಮಜಾಯಿಷಿಗೆ ಇಲ್ಲಿ ಬೆಲೆಯಿಲ್ಲ.

ಅಂಕಿತದ ನಾಡಿನವರು

ಬರಹದೊಳಗೇ ಬರೆದವರ ಗುರುತನ್ನು ನೆಯ್ದಿಡುವ ಪದ್ಧತಿ ಕನ್ನಡಕ್ಕೆ ಬಹಳ ಹಳೆಯದು. ಬಸವಣ್ಣನವರ ಕೂಡಲಸಂಗಮದೇವ, ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನ, ಅಲ್ಲಮನ ಗುಹೇಶ್ವರ, ದಾಸರಲ್ಲಿ ಪುರಂದರವಿಠಲ, ಕಾಗಿನೆಲೆಯ ಆದಿಕೇಶವ, ಇವೆಲ್ಲ ಭಕ್ತಿಯ ಅಂಕಿತಗಳಾಗಿರುವಂತೆಯೇ ಕರ್ತೃತ್ವದ ಮುದ್ರೆಗಳೂ ಹೌದು. ತಾಳೆಗರಿಯಿಂದ ತಾಳೆಗರಿಗೆ, ಬಾಯಿಂದ ಬಾಯಿಗೆ ನೂರಾರು ವರ್ಷ ಸಾಗಿಬಂದರೂ ಯಾವ ವಚನ ಯಾರದೆಂದು ಇಂದಿಗೂ ತಿಳಿಯುತ್ತಿರುವುದು ಮುಖ್ಯವಾಗಿ ಅಂಕಿತದಿಂದ. ಜುನಾಗಢದ ನರಸಿಂಹ ಮೆಹತಾ ಕೂಡ ತಮ್ಮ ಪದಗಳ ಕೊನೆಯಲ್ಲಿ ಹೆಸರನ್ನು ನೆಯ್ದಿರುವುದನ್ನು ಭಜನೆಗಳಲ್ಲಿ ಕೇಳಿರುವ ನಮಗೆ ಈ ಸಾಮ್ಯ ಹೊಸದೇನಲ್ಲ. ಡಿ.ವಿ.ಜಿ. ಅವರು 1943ರಲ್ಲಿ ಪ್ರಕಟಿಸಿದ ಕಗ್ಗದ ಪದ್ಯಗಳ ಕೊನೆಗೂ ‘ಮಂಕುತಿಮ್ಮ’ನನ್ನು ನಿಲ್ಲಿಸಿದರು. (ಪ್ರಾಸಂಗಿಕವಾಗಿ ಹೇಳುವುದಾದರೆ, ಅವರು 1975ರಲ್ಲಿ ನಿಧನರಾದ ಕಾರಣ ಕಗ್ಗದ ಹಕ್ಕು 2035ರ ಕೊನೆಯವರೆಗೂ ಇದೆ.)

ಅಂಕಿತವನ್ನು ಮುಟ್ಟಿದರೆ ಸಮಾಜ ಎಷ್ಟು ಗಂಭೀರವಾಗಿ ಪರಿಗಣಿಸುತ್ತದೆ ಎಂಬುದಕ್ಕೂ ದಾಖಲೆಯಿದೆ. ಬಸವಣ್ಣನವರ ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿ ಮಾತೆ ಮಹಾದೇವಿಯವರು ಪ್ರಕಟಿಸಿದ ‘ಬಸವ ವಚನ ದೀಪ್ತಿ’ಯನ್ನು ಕರ್ನಾಟಕ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು, ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಅಲ್ಲಿ ಚರ್ಚೆಗೆ ಬಂದದ್ದು ಧಾರ್ಮಿಕ ಭಾವನೆಯ ಪ್ರಶ್ನೆಯೇ ಹೊರತು ಕೃತಿಸ್ವಾಮ್ಯವಲ್ಲ. ಆದರೂ ಒಂದು ಪದದ ಬದಲಾವಣೆ ಸುಮಾರು 20 ವರ್ಷಗಳ ವ್ಯಾಜ್ಯವಾಯಿತೆಂಬುದು ಗಮನಾರ್ಹ.

2012ರ ತಿದ್ದುಪಡಿ ಈ ಹಳೆಯ ತಿಳಿವಳಿಕೆಯನ್ನು ಹೊಸ ಮಾಧ್ಯಮಕ್ಕೂ ವಿಸ್ತರಿಸಿತು ಎನ್ನಬಹುದು. ಆಗ ಸೇರಿದ 65ಬಿ ಕಲಮಿನ ಪ್ರಕಾರ, ಕೃತಿಯ ಶೀರ್ಷಿಕೆ, ಲೇಖಕರ ಹೆಸರು ಮುಂತಾದ ಹಕ್ಕಿನ ಮಾಹಿತಿಯನ್ನು ಅಧಿಕಾರವಿಲ್ಲದೆ, ತಿಳಿದೂ ತಿಳಿದು ತೆಗೆದುಹಾಕುವುದು ಅಪರಾಧ. ಇದಕ್ಕೆ 2 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು.

ಕಾರಂತರ ಯಕ್ಷಗಾನದ ಮೊಕದ್ದಮೆ

ಕನ್ನಡದ ಮಟ್ಟಿಗೆ ಈ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದ ತೀರ್ಪು ಡಾ. ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳಿಗೆ ಸಂಬಂಧಿಸಿದ್ದು. ಸಾಂಪ್ರದಾಯಿಕ ಯಕ್ಷಗಾನವನ್ನು ಪರಿಷ್ಕರಿಸಿ ಕಾರಂತರು ‘ಯಕ್ಷರಂಗ’ವೆಂಬ ನೃತ್ಯನಾಟಕದ ರೂಪವನ್ನು ಕಟ್ಟಿದರು, ಹಲವು ಪ್ರಸಂಗಗಳನ್ನು ಆ ಶೈಲಿಯಲ್ಲಿ ನಿರ್ದೇಶಿಸಿದರು. 1994ರ ಜೂನ್ 18ರಂದು ಬರೆದ ಉಯಿಲಿನಲ್ಲಿ ತಮ್ಮ ಕೃತಿಗಳ ಹಕ್ಕನ್ನು ಆಪ್ತ ಸಹಾಯಕಿಯಾಗಿದ್ದ ಮಾಲಿನಿ ಮಲ್ಯ ಅವರಿಗೆ ಕೊಟ್ಟರು. ಕಾರಂತರು ನಿಧನರಾದದ್ದು 1997ರ ಡಿಸೆಂಬರಿನಲ್ಲಿ. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯ ವತಿಯಿಂದ ದೆಹಲಿಯಲ್ಲಿ ‘ಅಭಿಮನ್ಯು ವಧೆ’ ಪ್ರದರ್ಶನಗೊಂಡಾಗ, ಅನುಮತಿ ಪಡೆದಿಲ್ಲ, ಕಾರಂತರು ರೂಪಿಸಿದ ಕ್ರಮದಿಂದ ಪ್ರಯೋಗ ದೂರ ಸರಿದಿದೆ ಎಂದು ಅವರು ದಾವೆ ಹೂಡಿದರು.

ಉಡುಪಿಯ ಜಿಲ್ಲಾ ನ್ಯಾಯಾಲಯದಿಂದ ಹೊರಟ ಈ ಮೊಕದ್ದಮೆ 2009ರ ಜನವರಿ 23ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ತೀರ್ಪಿನ ಎರಡು ಭಾಗಗಳು ನಮಗೆ ಮುಖ್ಯ. ನೃತ್ಯನಾಟಕವು ‘ಸಾಹಿತ್ಯ ಕೃತಿ’ಯಲ್ಲ, ‘ನಾಟಕ ಕೃತಿ’ ಎಂದು ನ್ಯಾಯಾಲಯ ವಿಂಗಡಿಸಿತು. ಸಾಹಿತ್ಯ ಕೃತಿಗಳನ್ನು ಕುರಿತ ಉಯಿಲಿನ ವಾಕ್ಯ ನೃತ್ಯನಾಟಕಕ್ಕೆ ಅನ್ವಯಿಸದಿದ್ದರೂ, ಉಳಿದೆಲ್ಲ ಸ್ವತ್ತನ್ನು ಒಳಗೊಳ್ಳುವ ಇನ್ನೊಂದು ವಾಕ್ಯವಿದ್ದುದರಿಂದ ಹಕ್ಕು ಮಾಲಿನಿ ಮಲ್ಯ ಅವರಿಗೇ ಸೇರಿತು. ಆ ಒಂದು ವಾಕ್ಯವಿರದಿದ್ದರೆ ಪ್ರಕರಣದ ದಿಕ್ಕೇ ಬೇರೆಯಾಗುತ್ತಿತ್ತು. ಇನ್ನೊಂದು ಭಾಗ ಸಂಘಗಳಿಗೆ ಸಮಾಧಾನ ತರುವಂಥದು. ಶಿಕ್ಷಣ ಸಂಸ್ಥೆಯ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ಸೀಮಿತ ಪ್ರೇಕ್ಷಕರ ಮುಂದೆ ಆಡುವುದು, ಹಣ ಪಡೆಯದೆ ಪ್ರದರ್ಶಿಸುವುದು ಮೊದಲಾದವುಗಳಿಗೆ 52ನೆಯ ಕಲಮಿನಲ್ಲಿರುವ ವಿನಾಯಿತಿಯನ್ನು ತಡೆಯಾಜ್ಞೆ ಕಸಿದುಕೊಳ್ಳದು ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು.

ಯಾವುದು ಕಳವಲ್ಲ

ದೂರು ಕೊಡುವ ಮೊದಲು ತಮ್ಮ ಪಕ್ಷ ಎಷ್ಟು ಗಟ್ಟಿ ಎಂದು ಲೇಖಕರು ಶಾಂತಚಿತ್ತದಿಂದ ನೋಡಿಕೊಳ್ಳಬೇಕು. ವಿಚಾರಕ್ಕೆ ಒಡೆತನವಿಲ್ಲ. ಪೊಂಕ್ ಮತ್ತು ಸೀತನಿ ಒಂದೇ ಎಂಬ ಸಂಗತಿಯನ್ನು ಯಾರು ಬೇಕಾದರೂ ಬರೆಯಬಹುದು; ತವರಿನ ಹೊಲದಲ್ಲಿ ಅಜ್ಜಿ ತೆನೆಯನ್ನು ಉಜ್ಜಿಕೊಟ್ಟ ಪರಿಯನ್ನು ವರ್ಣಿಸಿದ ವಾಕ್ಯಗಳು ಮಾತ್ರ ಬರೆದವರವು. ಈ ಗೆರೆಯನ್ನು ಎಳೆದದ್ದು 1978ರ ಆರ್.ಜಿ. ಆನಂದ್ ಪ್ರಕರಣ. ಪಂಜಾಬಿ ಮತ್ತು ಮದರಾಸಿ ಕುಟುಂಬಗಳ ನಡುವಿನ ಪ್ರಾಂತೀಯ ಭಾವನೆಯನ್ನು ಕುರಿತ ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನು 1956ರ ‘ನ್ಯೂ ಡೆಲ್ಲಿ’ ಚಿತ್ರ ನಕಲು ಮಾಡಿದೆ ಎಂಬುದು ಆನಂದ್ ಅವರ ವಾದ. ವಸ್ತು ಒಂದೇ ಆದರೂ ನಿರೂಪಣೆ ಬೇರೆ ಎಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಎರಡನ್ನೂ ಓದಿದ ಸಾಮಾನ್ಯ ಓದುಗನಿಗೆ ಒಂದು ಇನ್ನೊಂದರ ಪ್ರತಿ ಎಂಬ ಭಾವನೆ ತಪ್ಪದೆ ಮೂಡುತ್ತದೆಯೇ ಎಂಬುದೇ ಒರೆಗಲ್ಲು. ಅಡುಗೆಯ ಬರಹಗಳಲ್ಲಿ ಈ ಗೆರೆ ಇನ್ನೂ ಸೂಕ್ಷ್ಮ: ಸಾಮಗ್ರಿಗಳ ಪಟ್ಟಿಯ ಮೇಲೆ ಹಕ್ಕು ಸಾಧಿಸುವುದು ಕಷ್ಟ, ಅದರ ಸುತ್ತ ಬರೆದ ಮಾತುಗಳ ಮೇಲೆ ಸುಲಭ.

ವಿಮರ್ಶೆಗಾಗಿ ನಾಲ್ಕು ಸಾಲು ಉದ್ಧರಿಸುವುದು ನ್ಯಾಯಸಮ್ಮತ. ಇನ್ನೊಂದು ವಿನಾಯಿತಿ ಅನೇಕರಿಗೆ ತಿಳಿದಿಲ್ಲ. ಪ್ರಚಲಿತ ಆರ್ಥಿಕ, ರಾಜಕೀಯ, ಸಾಮಾಜಿಕ ಅಥವಾ ಧಾರ್ಮಿಕ ವಿಷಯಗಳ ಲೇಖನವನ್ನು ಪತ್ರಿಕೆ, ನಿಯತಕಾಲಿಕಗಳು ಮರುಮುದ್ರಿಸಬಹುದು ಎಂದು 52(1)(ಎಮ್) ಹೇಳುತ್ತದೆ. ಲೇಖಕರು ಆ ಹಕ್ಕನ್ನು ಸ್ಪಷ್ಟವಾಗಿ ಕಾಯ್ದಿರಿಸಿದ್ದರೆ ಮಾತ್ರ ಹಾಗೆ ಮಾಡುವಂತಿಲ್ಲ. ಆದ್ದರಿಂದ ‘ಮರುಮುದ್ರಣದ ಹಕ್ಕನ್ನು ಲೇಖಕರು ಕಾಯ್ದಿರಿಸಿದ್ದಾರೆ’ ಎಂಬ ಒಂದು ಸಾಲನ್ನು ಬರಹದ ಕೊನೆಗೆ ಸೇರಿಸುವುದು ಅಲಂಕಾರಕ್ಕಲ್ಲ. ಅದಕ್ಕೆ ಕಾನೂನಿನ ಬೆಲೆಯಿದೆ.

ಅಂತರ್ಜಾಲದಲ್ಲಿರುವುದೆಲ್ಲ ಸಾರ್ವಜನಿಕ ಸ್ವತ್ತು ಎಂಬ ವಾದವನ್ನಂತೂ ಕಿವಿಗೆ ಹಾಕಿಕೊಳ್ಳಬೇಕಾಗಿಲ್ಲ. 2010ರಲ್ಲಿ ಅಮೆರಿಕದ ‘ಕುಕ್ಸ್ ಸೋರ್ಸ್’ ಎಂಬ ಸಣ್ಣ ಪಾಕಪತ್ರಿಕೆ, ಮಧ್ಯಯುಗದ ಸೇಬಿನ ಕಡುಬನ್ನು ಕುರಿತು ಲೇಖಕಿಯೊಬ್ಬರು ಅಂತರ್ಜಾಲದಲ್ಲಿ ಬರೆದಿದ್ದ ಲೇಖನವನ್ನು ಕೇಳದೆ ಅಚ್ಚುಹಾಕಿತು. ಹೆಸರನ್ನೇನೋ ಹಾಕಿದ್ದರು, ಅನುಮತಿ ಇರಲಿಲ್ಲ. ಆಕೆ ಕೇಳಿದ್ದು ಕ್ಷಮಾಯಾಚನೆ ಮತ್ತು ಪತ್ರಿಕೋದ್ಯಮ ಶಾಲೆಯೊಂದಕ್ಕೆ 130 ಡಾಲರ್ ದೇಣಿಗೆ ಮಾತ್ರ. ಅಂತರ್ಜಾಲವೆಲ್ಲ ಸಾರ್ವಜನಿಕ ಸ್ವತ್ತು ಎಂದು ಸಂಪಾದಕಿ ಉತ್ತರಿಸಿದರು. ಆ ಉತ್ತರ ಜಗತ್ತಿನಾದ್ಯಂತ ಹರಡಿ, ಅದೇ ನವೆಂಬರಿನಲ್ಲಿ ಪತ್ರಿಕೆಯೇ ಮುಚ್ಚಿಹೋಯಿತು.

ಮೊದಲು ಸಾಕ್ಷ್ಯ, ಆಮೇಲೆ ಪತ್ರ

ಕಳವು ಕಣ್ಣಿಗೆ ಬಿದ್ದ ಕೂಡಲೇ ಕೋಪದಿಂದ ಕರೆ ಮಾಡುವುದು ಸಹಜ. ಆದರೆ ಕರೆ ಮುಗಿಯುವ ಹೊತ್ತಿಗೆ ಆ ಪುಟ ಅಳಿಸಿಹೋಗಿರುತ್ತದೆ, ಕೈಯಲ್ಲಿ ಪುರಾವೆ ಉಳಿಯುವುದಿಲ್ಲ. ಆದ್ದರಿಂದ ಪುಟದ ವಿಳಾಸ, ದಿನಾಂಕ, ಸಮಯ ಕಾಣುವಂತೆ ಪರದೆಯ ಚಿತ್ರಗಳನ್ನು ತೆಗೆದಿಟ್ಟುಕೊಳ್ಳುವುದು ಮೊದಲ ಕೆಲಸ. ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮೆಷಿನ್‌ನಲ್ಲಿ ಆ ಪುಟವನ್ನೂ ನಿಮ್ಮ ಮೂಲ ಪುಟವನ್ನೂ ಉಳಿಸಿದರೆ ದಿನಾಂಕ ಸಹಿತ ಮೂರನೆಯವರ ದಾಖಲೆ ಸಿಗುತ್ತದೆ. ವಿಷಯ ನ್ಯಾಯಾಲಯಕ್ಕೆ ಹೋದರೆ ಇಂತಹ ವಿದ್ಯುನ್ಮಾನ ದಾಖಲೆಗಳ ಜೊತೆಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರವೂ ಬೇಕಾಗುತ್ತದೆ. ಚಿತ್ರ ತೆಗೆದ ಫೋನನ್ನಾಗಲಿ ಗಣಕವನ್ನಾಗಲಿ ಅಷ್ಟರಲ್ಲಿ ಮಾರಿಬಿಡಬೇಡಿ.

ತಮ್ಮ ಬರಹ ಬೇರೆಲ್ಲಿ ಹೋಗಿದೆಯೆಂದು ಹುಡುಕುವುದಕ್ಕೆ ಅದರ ಅಪರೂಪದ ವಾಕ್ಯವೊಂದನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಶೋಧಿಸಬೇಕು. ಸಾಮಾನ್ಯ ವಾಕ್ಯ ಪ್ರಯೋಜನಕ್ಕೆ ಬಾರದು. ಸೀತನಿ, ಪೊಂಕ್, ತವರಿನ ಊರಿನ ಹೆಸರು ಒಟ್ಟಿಗೆ ಬರುವ ಸಾಲು ಒಳ್ಳೆಯದು. ಹಳೆಯ ಬರಹ, ನುಡಿ, ಶ್ರೀಲಿಪಿ ಅಕ್ಷರಗಳಲ್ಲಿ ಯೂನಿಕೋಡ್ ಇಲ್ಲದೆ ಹಾಕಿದ ಪುಟಗಳು ಈ ಶೋಧನೆಗೆ ಸಿಗುವುದಿಲ್ಲ ಎಂಬುದನ್ನು ನೆನಪಿಡಬೇಕು. ಅಂತಹ ಹಳೆಯ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲ ದಿನಾಂಕವನ್ನು ನಮೂದಿಸಿ ಮರುಪ್ರಕಟಿಸುವುದು ಜಾಣತನ.

ಸಾಕ್ಷ್ಯ ಕೈಗೆ ಬಂದ ಮೇಲೆ ಪತ್ರ. ಬಹುಪಾಲು ಪ್ರಕರಣಗಳು ಇಲ್ಲಿಯೇ ಮುಗಿಯುತ್ತವೆ, ಏಕೆಂದರೆ ಸಂಚಿಕೆಯ ಸಂಪಾದಕರಿಗೆ ಲೇಖನ ಎಲ್ಲಿಂದ ಬಂತೆಂಬುದೇ ತಿಳಿದಿರುವುದಿಲ್ಲ. ಹೆಸರಿಲ್ಲದೆ ಕೈಗೆ ಬಂದದ್ದನ್ನು ಅವರು ಪುಟ ತುಂಬಿಸಲು ಬಳಸಿರುತ್ತಾರೆ. ಅವರನ್ನು ಕಳ್ಳರೆಂದು ಕರೆದು ಆರಂಭಿಸಿದರೆ ಮುಂದಿನ ಮಾತಿಗೆ ಬಾಗಿಲು ಮುಚ್ಚುತ್ತದೆ. ಪತ್ರ ಈ ಧಾಟಿಯಲ್ಲಿದ್ದರೆ ಸಾಕು:

‘ಮಾನ್ಯ ಸಂಪಾದಕರೇ, ತಮ್ಮ ಸಂಚಿಕೆಯ ಇಂತಿಷ್ಟನೆಯ ಪುಟದಲ್ಲಿ ಪ್ರಕಟವಾಗಿರುವ ಲೇಖನವು ನಾನು ಇಂತಹ ದಿನಾಂಕದಂದು ಅಂತರ್ಜಾಲದಲ್ಲಿ ಪ್ರಕಟಿಸಿದ ನನ್ನ ಸ್ವಂತ ಬರಹವಾಗಿದೆ. ಎರಡರ ಪ್ರತಿಗಳನ್ನೂ ಲಗತ್ತಿಸಿದ್ದೇನೆ. ಇದು ತಮ್ಮ ಗಮನಕ್ಕೆ ಬಾರದೆ ನಡೆದಿರಬಹುದು. ಅಂತರ್ಜಾಲದ ಆವೃತ್ತಿಯಲ್ಲಿ ಏಳು ದಿನಗಳೊಳಗೆ ನನ್ನ ಹೆಸರನ್ನು ಸೇರಿಸುವಂತೆಯೂ, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿಯನ್ನು ಪ್ರಕಟಿಸುವಂತೆಯೂ ಕೋರುತ್ತೇನೆ. ಈ ಕೋರಿಕೆಯಿಂದ ಕೃತಿಸ್ವಾಮ್ಯ ಕಾಯಿದೆಯಡಿ ನನಗಿರುವ ಯಾವ ಹಕ್ಕನ್ನೂ ಬಿಟ್ಟುಕೊಟ್ಟಂತಾಗುವುದಿಲ್ಲ.’

ಹೆಸರು ಬೇಕೇ, ಬರಹವನ್ನು ತೆಗೆಯಬೇಕೇ, ಸಂಭಾವನೆ ಬೇಕೇ ಎಂಬುದನ್ನು ಪತ್ರ ಬರೆಯುವ ಮೊದಲೇ ನಿರ್ಧರಿಸಿಕೊಳ್ಳಬೇಕು. ಮೂರನ್ನೂ ಒಟ್ಟಿಗೆ ಕೇಳಿದವರಿಗೆ ಒಂದೂ ಸಿಗದಿರುವ ಸಂಭವ ಹೆಚ್ಚು. ಪ್ರಕಾಶಕರು ಗುಜರಾತಿಯವರಾದರೆ ಪತ್ರವನ್ನು ಗುಜರಾತಿಯಲ್ಲಿಯೇ ಬರೆಯಿಸಿ, ಕನ್ನಡ ಮೂಲದ ಅನುವಾದವನ್ನೂ ಜೊತೆಗಿಡಬೇಕು. ಇ–ಮೇಲ್‌ಗೆ ಉತ್ತರ ಬಾರದಿದ್ದರೆ ಅಂಚೆಯ ಮೂಲಕ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿರುವುದರಿಂದ, ಸ್ಪೀಡ್ ಪೋಸ್ಟಿನ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಪತ್ರಕ್ಕೆ ಜಗ್ಗದಿದ್ದರೆ

ಬರಹ ದೊಡ್ಡ ಸಾಮಾಜಿಕ ಜಾಲತಾಣದಲ್ಲಿದ್ದರೆ ಆ ಕಂಪನಿಯದೇ ಕೃತಿಸ್ವಾಮ್ಯ ದೂರಿನ ನಮೂನೆ ಇರುತ್ತದೆ. ಇವು ಬಹುತೇಕ ಅಮೆರಿಕದ 1998ರ ಕಾನೂನನ್ನು ಅನುಸರಿಸಿದವು. ಹಕ್ಕುದಾರರು ಅಥವಾ ಅವರ ಅಧಿಕೃತ ಪ್ರತಿನಿಧಿ ಮಾತ್ರ ದೂರು ಕೊಡಬಹುದು, ಸುಳ್ಳು ದೂರಿಗೆ ಹೊಣೆಯಾಗಬೇಕಾಗುತ್ತದೆ. ನಮ್ಮ 2013ರ ಕೃತಿಸ್ವಾಮ್ಯ ನಿಯಮಗಳ 75ನೆಯ ನಿಯಮ ಇನ್ನೊಂದು ದಾರಿ. ಲಿಖಿತ ದೂರು ಸ್ವೀಕರಿಸಿದ ಮಧ್ಯವರ್ತಿ ಸಂಸ್ಥೆ, ಅದು ಸರಿಯೆಂದು ಮನದಟ್ಟಾದರೆ, 36 ಗಂಟೆಗಳೊಳಗೆ ಆ ಪ್ರತಿಯನ್ನು ಜನರಿಗೆ ಸಿಗದಂತೆ ತಡೆಯಬೇಕು. ಆದರೆ ಈ ತಡೆ 21 ದಿನಗಳಿಗೆ ಮಾತ್ರ. ಅಷ್ಟರಲ್ಲಿ ದಾವೆ ಹೂಡಿ ನ್ಯಾಯಾಲಯದ ಆದೇಶವನ್ನು ತರುತ್ತೇನೆಂದು ದೂರಿನಲ್ಲಿಯೇ ಮುಚ್ಚಳಿಕೆ ಬರೆದುಕೊಡಬೇಕು. ದಾವೆಯ ಉದ್ದೇಶವೇ ಇಲ್ಲದವರು ಈ ದಾರಿಯನ್ನು ಹಿಡಿಯದಿರುವುದು ಒಳಿತು.

ವಾಟ್ಸ್ಯಾಪ್‌ನಲ್ಲಿ ಹೆಸರಿಲ್ಲದೆ ಹರಿದಾಡುವ ಬರಹದ ಬೆನ್ನು ಹತ್ತುವುದು ವ್ಯರ್ಥ ಶ್ರಮ. ಮೊದಲು ಕಳಿಸಿದವರು ಯಾರೆಂದು ಪತ್ತೆಯಾಗುವುದಿಲ್ಲ. ಬಂದ ಗುಂಪಿನಲ್ಲಿಯೇ ‘ಇದರ ಮೂಲ ಇಲ್ಲಿದೆ’ ಎಂದು ಹೆಸರು ಸಹಿತ ಕೊಂಡಿಯನ್ನು ಹಾಕಿ ಮುಂದೆ ಸಾಗುವುದೇ ಸರಿ.

ನ್ಯಾಯಾಲಯಕ್ಕೆ ಹೋಗಲೇಬೇಕಾದರೆ 62ನೆಯ ಕಲಂ ಲೇಖಕರ ಪರವಾಗಿದೆ. ಪ್ರತಿವಾದಿ ಬೆಂಗಳೂರಿನಲ್ಲಿರಲಿ, ಬೆಳಗಾವಿಯಲ್ಲಿರಲಿ, ಲೇಖಕರು ತಾವು ವಾಸವಿರುವ ಜಿಲ್ಲೆಯಲ್ಲಿಯೇ ದಾವೆ ಹೂಡಬಹುದು. ಕತಾರ್‌ಗಾಮಿನವರಿಗೆ ಸೂರತ್ ಜಿಲ್ಲಾ ನ್ಯಾಯಾಲಯವೇ ಸಾಕು. ಅಲ್ಲಿನ ಭಾಷೆ ಗುಜರಾತಿಯಾದ್ದರಿಂದ ಕನ್ನಡ ಬರಹಗಳ ಅನುವಾದಕ್ಕೆ ಖರ್ಚಿದೆ. ಕಾಲಮಿತಿ ಮೂರು ವರ್ಷ. ಪೊಲೀಸ್ ದೂರಿನ ದಾರಿಯೂ ಇದೆ. 63ನೆಯ ಕಲಮಿನಡಿ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ, 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡವಿದ್ದು, ಅಪರಾಧ ಜಾಮೀನುರಹಿತವೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿದೆ. ಒಂದು ಲೇಖನಕ್ಕಾಗಿ ಇನ್ನೊಂದು ಕನ್ನಡ ಸಂಘದ ಕಾರ್ಯದರ್ಶಿಯನ್ನು ಠಾಣೆಗೆ ಎಳೆಯುವುದು ಯಾರಿಗೂ ಶೋಭೆಯಲ್ಲ. ಪುಸ್ತಕವನ್ನೇ ಕದ್ದು ಮಾರುವವರ ವಿಷಯ ಬೇರೆ. ಇನ್ನೂ ಒಂದು ಎಚ್ಚರಿಕೆ: ಆಧಾರವಿಲ್ಲದೆ ಮೊಕದ್ದಮೆಯ ಬೆದರಿಕೆ ಹಾಕಿದರೆ, 60ನೆಯ ಕಲಮಿನಡಿ ಎದುರಾಳಿಯೇ ನಿಮ್ಮ ಮೇಲೆ ದಾವೆ ಹೂಡಬಹುದು.

ಸಂಚಿಕೆಗೆ ಕೊಟ್ಟ ಲೇಖನ, ಮನೆಯಲ್ಲಿ ಉಳಿದ ಕಡತ

ಸ್ಮರಣ ಸಂಚಿಕೆಗೆ ಪ್ರೀತಿಯಿಂದ ಲೇಖನ ಕೊಟ್ಟ ಮಾತ್ರಕ್ಕೆ ಅದರ ಹಕ್ಕು ಸಂಘಕ್ಕೆ ಸೇರುವುದಿಲ್ಲ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು. ಹಾಗೆ ಬರೆದುಕೊಟ್ಟರೂ ಅವಧಿಯನ್ನು ನಮೂದಿಸದಿದ್ದರೆ 5 ವರ್ಷ, ಪ್ರದೇಶವನ್ನು ನಮೂದಿಸದಿದ್ದರೆ ಭಾರತ ಮಾತ್ರ ಎಂದು 19ನೆಯ ಕಲಂ ಅರ್ಥೈಸುತ್ತದೆ. ಸಂಚಿಕೆಯನ್ನು ಅಂತರ್ಜಾಲಕ್ಕೆ ಏರಿಸುವ ಸಂಘಗಳು ಲೇಖಕರಿಂದ ಎರಡು ಸಾಲಿನ ಒಪ್ಪಿಗೆಯನ್ನು ಪಡೆಯುವುದು, ಪ್ರತಿ ಪುಟದಲ್ಲಿಯೂ ಲೇಖಕರ ಹೆಸರು ಬರುವಂತೆ ವಿನ್ಯಾಸಗೊಳಿಸುವುದು ಕಷ್ಟದ ಕೆಲಸವೇನಲ್ಲ. ಮೊದಲ ಪುಟದಲ್ಲಿ ಮಾತ್ರ ಹೆಸರಿದ್ದರೆ, ಎರಡನೆಯ ಪುಟದ ಚಿತ್ರ ತೆಗೆದು ಕಳಿಸುವವರ ಕೈಯಲ್ಲಿ ಅದು ಸುಲಭವಾಗಿ ಕಳೆದುಹೋಗುತ್ತದೆ.

ಮೂರು ನಾಲ್ಕು ದಶಕಗಳ ಹಿಂದೆ ಉದ್ಯೋಗಕ್ಕೆಂದು ಅಹಮದಾಬಾದ್, ವಡೋದರಾ, ಸೂರತ್ತಿಗೆ ಬಂದು, ಕನ್ನಡದಲ್ಲಿ ಬರೆಯುತ್ತಲೇ ಬಾಳಿದ ಹಿರಿಯರ ಕಡತಗಳು ಅನೇಕ ಮನೆಗಳಲ್ಲಿವೆ. ಅವರ ಕಾಲಾನಂತರವೂ ಕರ್ತೃತ್ವದ ಹಕ್ಕನ್ನು ಕಾನೂನುಬದ್ಧ ವಾರಸುದಾರರು ಚಲಾಯಿಸಬಹುದು. ಉಯಿಲು ಬರೆಯುವವರು ಮನೆ, ಒಡವೆ, ಷೇರುಗಳ ಜೊತೆಗೆ ‘ನನ್ನ ಎಲ್ಲ ಬಗೆಯ ಬರಹ, ನಾಟಕ, ಹಾಡು, ಧ್ವನಿಮುದ್ರಣಗಳ ಹಕ್ಕು ಇಂಥವರಿಗೆ’ ಎಂಬ ಸಾಲನ್ನೂ ಸೇರಿಸಲಿ. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೆ ಅದನ್ನು ಬಿಡುವುದಾದರೆ, ಯಾವ ಲೇಖನ ಯಾವ ವರ್ಷ ಎಲ್ಲಿ ಪ್ರಕಟವಾಯಿತೆಂಬ ಪಟ್ಟಿಯೊಂದನ್ನು ಇಂಗ್ಲಿಷಿನಲ್ಲಿಯಾದರೂ ಬರೆದು ಕಡತದ ಮೇಲಿಡಬೇಕು.